ಬಚ್ಚಲ ಒಲೆಗೆ ಹೋದ ಬೂಟು

ಹೋದ ವಾರ ಹುಬ್ಬಳ್ಳಿಯ ನಮ್ಮ ಹಳೆಯ ಚಾಳದ ಅಂಗಳದಲ್ಲಿ ಕಾಲಿಟ್ಟಾಗ ರಬ್ಬರು ಸುಟ್ಟ ವಾಸನೆ ಬಂತು. ಕೋಣೆಗೊಂದು ಸಂಸಾರವಿದ್ದ ಆ ಚಾಳ ಕೆಡವುತ್ತಿದ್ದಾರೆಂದು ಯಾರೋ ಹೇಳಿದ್ದರು. ಕೊನೆಯ ಸಲ ನೋಡಿ ಬರೋಣವೆಂದು ಈಗ ನಾನಿರುವ ಗೋಪನಕೊಪ್ಪದಿಂದ ನಡೆದುಕೊಂಡೇ ಹೋಗಿದ್ದೆ. ಕೆಲಸದವರು ಮೂರು ಕಲ್ಲು ಹೂಡಿ, ಹಸಿ ಕಟ್ಟಿಗೆ ಬೇಗ ಹತ್ತಿಕೊಳ್ಳಲೆಂದು ಸೈಕಲ್ ಟಾಯರಿನ ತುಂಡೊಂದನ್ನು ಒಳಗೆ ತುರುಕಿ ಚಹಾ ಕಾಸುತ್ತಿದ್ದರು. ಆ ಕಪ್ಪು ಹೊಗೆ ಮೂಗಿಗೆ ಬಡಿದದ್ದೇ ತಡ, ನನ್ನ ಮೈಯೆಲ್ಲ ಉರಿದುಹೋಯಿತು.

"ಏ, ತಗೀರಿ ಅದನ್ನ! ರಬ್ಬರ್ ಸುಡ್ತಾರೇನು ಯಾರರೆ?" ಎಂದು ಒದರಿದೆ.

ಅವರಲ್ಲಿ ಹಿರಿಯನಾದವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಚಾ ಕಾಸಾಕತ್ತೇವ್ರಿ ಯಜಮಾನ್ರ. ನಿಮಗೇನಾತು?" ಎಂದ.

ಏನಾಯಿತೆಂದು ಹೇಳುವುದು... ನಾನು ಬೈದದ್ದು ಅವರನ್ನಲ್ಲ. ಅದೇ ಅಂಗಳದ ಮೂಲೆಯಲ್ಲಿ, ಅರವತ್ತು ವರ್ಷಗಳ ಹಿಂದೆ, ನನ್ನ ಬೂಟುಗಳನ್ನು ಬಚ್ಚಲ ಒಲೆಗೆ ಹಾಕಿ ಸುಟ್ಟ ಮುದುಕಿಯನ್ನು.

ಆಕೆಯನ್ನು ಚಾಳದವರೆಲ್ಲ ಆಯಿ ಎಂದು ಕರೆಯುತ್ತಿದ್ದರು. ನಮಗೆ ಬಂಧುವಲ್ಲ, ಬಳಗವಲ್ಲ. ಮೂಲೆಯ ಒಂದೇ ಕೋಣೆಯ ಖೋಲಿಯಲ್ಲಿ ಒಬ್ಬಳೇ ಇದ್ದಳು. ಗಂಡ ಯಾವಾಗಲೋ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ಆಕೆಯ ಖೋಲಿಗೆ ಹತ್ತಿಯೇ ಚಾಳಕ್ಕೆಲ್ಲ ಒಂದೇ ಆದ ಬಚ್ಚಲಿತ್ತು. ಅಲ್ಲಿ ಹೊಗೆ ಹಿಡಿದು ಕಪ್ಪಾದ ತಾಮ್ರದ ಹಂಡೆ, ಅದರ ಕೆಳಗೆ ದೊಡ್ಡ ಬಾಯಿಯ ಒಲೆ. ಆ ಒಲೆಯ ಮುಂದೆ ಆಕೆಯ ದರ್ಬಾರು. ಯಾರು ಮೊದಲು ಮೀಯಬೇಕು, ಯಾರಿಗೆ ಎಷ್ಟು ಬಿಸಿನೀರು, ಎಲ್ಲ ಆಕೆಯೇ ಹೇಳಬೇಕು. ರೈಲ್ವೆ ವರ್ಕ್‌ಶಾಪಿನ ಸೈರನ್ನಿಗೆ ಹೆದರದ ಗಂಡಸರು ಕೂಡ ಆಯಿಯ ಒಂದು ತಂಬಿಗೆ ನೀರಿಗಾಗಿ ಟವೆಲ್ಲು ಹೆಗಲ ಮೇಲೆ ಹಾಕಿಕೊಂಡು ತೆಪ್ಪಗೆ ನಿಂತಿರುತ್ತಿದ್ದರು.

ಆಕೆಯ ಕೆಲಸ ಕೂಸುಗಳಿಗೆ ಎರೆಯುವುದು. ನಮ್ಮ ಚಾಳದಲ್ಲಷ್ಟೇ ಅಲ್ಲ, ಆಚೆ ಈಚೆಯ ಗಲ್ಲಿಗಳಲ್ಲೂ ಯಾವ ಮನೆಯಲ್ಲಿ ಬಾಣಂತಿ ಇದ್ದರೂ ಆಯಿ ಬರಬೇಕು. ಆಕೆ ಎರೆಯುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಸೀರೆ ಮೊಣಕಾಲಿನವರೆಗೆ ಎತ್ತಿ, ಬಚ್ಚಲ ಕಲ್ಲಿನ ಮೇಲೆ ಎರಡೂ ಕಾಲು ನೀಡಿ ಕೂರುತ್ತಿದ್ದಳು. ಆ ಕಾಲುಗಳ ಮೇಲೆ ಕೂಸನ್ನು ಮಲಗಿಸಿ, ಕಾಯಿಸಿದ ಎಣ್ಣೆ ಹಚ್ಚಿ, ಬಲಗೈ ಎಡಗಾಲಿಗೆ, ಎಡಗೈ ಬಲಗಾಲಿಗೆ ತಾಗಿಸಿ ಎಳೆಯುತ್ತಿದ್ದಳು. ಮೂಗು ತೀಡುವುದು, ತಲೆ ದುಂಡಗೆ ಒತ್ತುವುದು, ಕಾಲು ನೀವಿ ನೀವಿ ನೆಟ್ಟಗೆ ಮಾಡುವುದು, ಆಮೇಲೆ ಹಂಡೆಯ ನೀರು. ಆ ನೀರನ್ನು ಮೊದಲು ತನ್ನ ಕಾಲಿನ ಮೇಲೆ ಸುರಿದುಕೊಂಡು ನೋಡುತ್ತಿದ್ದಳು. ಬಿಸಿ ಹೆಚ್ಚಾದರೆ "ಹುಶ್" ಎಂದು ತಣ್ಣೀರು ಬೆರೆಸುತ್ತಿದ್ದಳು. ಕೂಸು ಚೀರಿ ಚೀರಿ ಕೆಂಪಾಗಿ, ಲೋಬಾನದ ಹೊಗೆ ಕುಡಿದು, ಬಟ್ಟೆಯಲ್ಲಿ ಸುತ್ತಿಸಿಕೊಂಡು ಸತ್ತಂತೆ ನಿದ್ದೆ ಹೋಗುತ್ತಿತ್ತು.

ನನಗೂ ಆಕೆಯೇ ಎರೆದದ್ದು. ಇದನ್ನು ಆಕೆ ನಾನು ಮರೆಯದಂತೆ ನೋಡಿಕೊಂಡಿದ್ದಳು. ಎಳೆಯ ವಯಸ್ಸಿನಲ್ಲಿ ಯಾರ ಎದುರಿಗಾದರೂ ನನ್ನ ಚಡ್ಡಿಯ ಕೆಳಗಿನ ಕಾಲು ತೋರಿಸಿ, "ಇವು ನಾ ತಿದ್ದಿದ ಕಾಲು. ಹುಟ್ಟಿದಾಗ ಹ್ಯಾಂಗ ಡೊಂಕಿದ್ದುವು ಅಂದ್ರ, ನೋಡಿದವರು ಈ ಕೂಸು ನಡೀತೈತೋ ಇಲ್ಲೋ ಅಂತಿದ್ರು" ಎನ್ನುತ್ತಿದ್ದಳು. ನಾನು ಸಾಲೆಯ ಓಟದಲ್ಲಿ ಗೆದ್ದು ತಂದ ಮೊದಲ ಬಟ್ಟಲನ್ನು ಅವ್ವನ ಕೈಯಿಂದ ಇಸಿದುಕೊಂಡು ಚಾಳದ ಎಲ್ಲ ಖೋಲಿಗೂ ತೋರಿಸಿ ಬಂದವಳು ಆಕೆ. ಗೆದ್ದವಳು ತಾನೇ ಎಂಬಂತೆ! ಆಗ ನಗು ಬರುತ್ತಿತ್ತು. ಇದು ಮುಂದೆ ಎಲ್ಲಿಗೆ ಹೋಗಿ ಮುಟ್ಟುತ್ತದೆಂದು ಯಾರಿಗೆ ಗೊತ್ತಿತ್ತು...

ಐವತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ ಅದು. ನಾನು ಧಾರವಾಡದ ಕಾಲೇಜಿಗೆ ದಿನವೂ ರೈಲಿನಲ್ಲಿ ಹೋಗಿಬರುತ್ತಿದ್ದೆ. ಓದಿನಲ್ಲಿ ಅಷ್ಟಕ್ಕಷ್ಟೇ. ಡಿಗ್ರಿ ಆದರೆ ಸರಿ, ಆಗದಿದ್ದರೆ ತನ್ನ ಸಾಹೇಬರ ಕೈಕಾಲು ಹಿಡಿದು ತಾನು ದುಡಿಯುವ ವರ್ಕ್‌ಶಾಪಿನಲ್ಲಿ ಸೇರಿಸುವುದು ಎಂದು ಅಪ್ಪ ಆಗಲೇ ತೀರ್ಮಾನಿಸಿಬಿಟ್ಟಿದ್ದ. ನನ್ನದು ಎಂದು ನನಗಿದ್ದದ್ದು ಒಂದೇ, ಓಟ. ದೂರದ ಓಟ. ನೂರು ಗಜ, ಇನ್ನೂರು ಗಜದಲ್ಲಿ ನಾನು ಎಲ್ಲರ ಹಿಂದೆ. ಆದರೆ ಊರು ದಾಟಿ, ಬೆವರು ಆರಿ ಮತ್ತೆ ಬಂದು, ಉಸಿರು ಒಂದು ಲಯಕ್ಕೆ ಹತ್ತಿದ ಮೇಲೆ ನನ್ನನ್ನು ಹಿಡಿಯುವವರು ಕಡಿಮೆ. ಮುಂಬೈಯಲ್ಲಿದ್ದ ಮಾಮಾ ಅದನ್ನು ಕೇಳಿ ಖುಷಿಯಾಗಿ ಬಿಳಿ ಕ್ಯಾನ್ವಾಸಿನ ಬೂಟು ಕಳಿಸಿದ್ದ. ಅಪ್ಪನ ಅಂಗಿ ಕತ್ತರಿಸಿ ಹೊಲಿದದ್ದನ್ನೇ ತೊಟ್ಟು ಬೆಳೆದ ನನಗೆ, ಹೊಸದಾಗಿ ನನಗೆಂದೇ ಬಂದ ವಸ್ತು ಅದೊಂದೇ. ಒರೆಸಿ, ಸುಣ್ಣ ಬಳಿದು, ಲೇಸು ಕಟ್ಟಿ ಗೂಟಕ್ಕೆ ನೇತುಹಾಕುತ್ತಿದ್ದೆ.

ಮಳೆಗಾಲದ ಕೊನೆಗೆ ತರುಣರ ಮಂಡಳಿಯೊಂದು ಹುಬ್ಬಳ್ಳಿಯಿಂದ ಧಾರವಾಡಕ್ಕೆ ಓಟ ಇಟ್ಟಿತು. ಉಣಕಲ್ ಕೆರೆ ದಾಟಿ, ಬೈರಿದೇವರಕೊಪ್ಪ ದಾಟಿ, ಎರಡೂ ಕಡೆ ಮರ ಮತ್ತು ಹೊಲವಷ್ಟೇ ಇದ್ದ ಆ ರಸ್ತೆಯಲ್ಲಿ ನಾವು ಓಡಿದೆವು. ಜಿಟಿಜಿಟಿ ಮಳೆ. ರಸ್ತೆಯ ಅಂಚಿನ ಎರೆಮಣ್ಣು ಬೂಟಿಗೆ ಮೆತ್ತಿ ಕಾಲು ಭಾರವಾಗುತ್ತಿತ್ತು. ಸತ್ತೂರಿನ ಏರಿನಲ್ಲಿ ಎಡಗಾಲಿನ ಹಿಮ್ಮಡಿಯಲ್ಲಿ ಏನೋ ಚುಳುಕ್ ಎಂದಿತು. ನಿಲ್ಲಲಿಲ್ಲ. ಧಾರವಾಡವನ್ನು ಎರಡನೆಯವನಾಗಿ ಮುಟ್ಟಿದೆ. ಹಾರ ಹಾಕಿದರು, ಪೇಢೆ ತಿನ್ನಿಸಿದರು. ಅಲ್ಲಿದ್ದ ನಮ್ಮ ಕಾಲೇಜಿನ ಆಟದ ಮಾಸ್ತರರು ಬೆನ್ನು ಚಪ್ಪರಿಸಿ, ದೀಪಾವಳಿ ಆದ ಮೇಲೆ ರಾಜ್ಯದ ತಂಡಕ್ಕೆ ಹುಡುಗರನ್ನು ಆರಿಸುವ ಓಟ ಧಾರವಾಡದಲ್ಲೇ ನಡೆಯುತ್ತದೆ, ಅದರಲ್ಲಿ ಮುಂದೆ ಬಂದರೆ ಬೆಂಗಳೂರು, ಅಲ್ಲಿಂದ ದೇವರು ಕೊಟ್ಟಷ್ಟು ದೂರ ಎಂದರು. ಆ ಮಾತು ಕೇಳಿದ ಮೇಲೆ ನನಗೆ ವರ್ಕ್‌ಶಾಪಿನ ಸೈರನ್ನು ಕೇಳುವುದೇ ನಿಂತುಹೋಯಿತು.

ಮಾರನೆಯ ಬೆಳಗ್ಗೆ ಹಾಸಿಗೆಯಿಂದ ಎದ್ದು ನೆಲಕ್ಕೆ ಕಾಲೂರಿದೆ. ಹಿಮ್ಮಡಿಗೆ ಮೊಳೆ ಹೊಡೆದ ಹಾಗಾಯಿತು. ಗೋಡೆ ಹಿಡಿದು ನಿಂತೆ. ನಾಲ್ಕು ಹೆಜ್ಜೆ ಹಾಕಿದ ಮೇಲೆ ನೋವು ಸಡಿಲಾಯಿತು, ಮಧ್ಯಾಹ್ನಕ್ಕೆ ಮರೆತೇ ಹೋಯಿತು. ಮರುದಿನ ಮತ್ತೆ ಅದೇ ಮೊಳೆ. ದಸರೆ ಬಂತು, ಹೋಯಿತು, ಮೊಳೆ ಹೋಗಲಿಲ್ಲ. ಮಾಸ್ತರರಿಗೆ ಹೇಳಿದರೆ, "ಓಡಿದ್ರ ಸಡ್ಲ ಆಗ್ತೈತಿ ಬಿಡೋ, ಕುಂತ್ರ ಜಡ್ಡಗಟ್ತೈತಿ" ಎಂದರು. ಓಡಿದರೆ ಸಡಿಲಾಗುತ್ತಿದ್ದುದೂ ನಿಜವೇ. ಹಾಗಾಗಿ ಓಡಿದೆ.

ಮನೆಯಲ್ಲಿ ಯಾರಿಗೂ ಗೊತ್ತಾಗಲಿಲ್ಲ, ಆಯಿಗೆ ಗೊತ್ತಾಯಿತು. ಒಂದು ಮುಂಜಾನೆ ಮೆಟ್ಟಿಲು ಇಳಿಯುತ್ತಿದ್ದೆ. ಆಕೆ ಒಲೆಗೆ ಕಟ್ಟಿಗೆ ಇಡುತ್ತಿದ್ದವಳು ತಲೆಯೆತ್ತಿ, "ಯಾಕೋ, ತುದಿಗಾಲ ಮ್ಯಾಲ ಇಳ್ಯಾಕತ್ತಿ?" ಎಂದಳು.

"ಏನಿಲ್ಲ ಬಿಡ್ರಿ ಆಯಿ."

"ಏನಿಲ್ಲಂತ! ಹುಚ್ಚಪ್ಯಾಲಿ, ನನ್ನ ಮುಂದ ಸುಳ್ಳ ಹೇಳ್ತಿ? ನಿನ್ನ ಕಾಲು ನಿನಕಿಂತ ಮೊದಲ ನನಗ ಗುರ್ತದಾವು. ಕುಂಡ್ರು ಇಲ್ಲಿ."

ಕೂರಿಸಿಯೇಬಿಟ್ಟಳು. ಹಿಮ್ಮಡಿಯನ್ನು ಹೆಬ್ಬೆರಳಿನಿಂದ ಒತ್ತಿದಳು. ನಾನು ಹಾರಿಬಿದ್ದೆ. ಅವತ್ತು ಸಂಜೆಯಿಂದಲೇ ಶುರುವಾಯಿತು ಆಕೆಯ ಉಪಚಾರ. ಇಟ್ಟಿಗೆಯೊಂದನ್ನು ಬಚ್ಚಲ ಒಲೆಯ ಕೆಂಡದಲ್ಲಿ ಕಾಯಿಸಿ, ಅದರ ಮೇಲೆ ಎಕ್ಕದ ಎಲೆಗಳನ್ನು ಒಂದರ ಮೇಲೊಂದು ಹಾಸಿ, ನನ್ನ ಹಿಮ್ಮಡಿಯನ್ನು ಅದರ ಮೇಲೆ ಒತ್ತಿ ಹಿಡಿಯುವುದು. ಎಲೆ ಚರ್ ಎನ್ನುತ್ತಿತ್ತು. ಹಸಿರು ಬೆಂದ ಕಹಿ ವಾಸನೆ. ಬಿಸಿ ತಡೆಯಲಾರದೆ ಕಾಲೆತ್ತಿದರೆ ತೊಡೆಗೆ ಒಂದು ಏಟು ಬೀಳುತ್ತಿತ್ತು. ಇಷ್ಟೇ ಆಗಿದ್ದರೆ ನನ್ನ ತಕರಾರಿರಲಿಲ್ಲ. ಹಿತವಾಗುತ್ತಿತ್ತು, ಒಪ್ಪುತ್ತೇನೆ. ಆದರೆ ಇಟ್ಟಿಗೆಯ ಜೊತೆಗೆ ಕಟ್ಟಪ್ಪಣೆಯೂ ಬಂತು. ಕಾಲು ನೆಟ್ಟಗಾಗುವ ತನಕ ಓಡಕೂಡದು.

"ದೀಪಾವಳಿ ಆದ ಮ್ಯಾಲೆ ಆರಿಸೋ ಓಟ ಐತ್ರಿ ಆಯಿ. ಅದೊಂದು ಆಗಲಿ, ಆಮ್ಯಾಲೆ ನೀವು ಹೇಳಿದಂಗ ಕೇಳ್ತೇನಿ."

"ಆಮ್ಯಾಲೆ ಕೇಳಾಕ ಕಾಲು ಇರಬೇಕಲ್ಲ. ಓಟ ವರ್ಷಾ ಬರ್ತೈತಿ."

ಓಟ ವರ್ಷಾ ಬರುತ್ತದಂತೆ! ಅಪ್ಪನ ಮಾತು ಆಕೆಗೆ ಗೊತ್ತಿರಲಿಲ್ಲವೇ? ಆ ವರ್ಷ ತಪ್ಪಿದರೆ ಮರುವರ್ಷ ನಾನು ವರ್ಕ್‌ಶಾಪಿನಲ್ಲಿ ಎಣ್ಣೆಬಟ್ಟೆ ಹಿಡಿದು ನಿಂತಿರುತ್ತಿದ್ದೆ. ಆಕೆಗೆ ಇದನ್ನು ಬಿಡಿಸಿ ಹೇಳಿದೆ. ಗೋಗರೆದೆ. ಆಕೆ ಬತ್ತಿ ಹೊಸೆಯುತ್ತ ಕೂತಿದ್ದಳು, ತಲೆ ಕೂಡ ಎತ್ತಲಿಲ್ಲ.

ನಾನು ಕದ್ದು ಓಡಿದೆ. ಎದ್ದವನೇ ಬೂಟನ್ನು ಚೀಲದಲ್ಲಿ ಹಾಕಿಕೊಂಡು, ರೈಲಿಗೆ ಹೊತ್ತಾಯಿತೆಂದು ಹೇಳಿ ಹೊರಬಿದ್ದು, ಊರ ಹೊರಗೆ ಕಟ್ಟಿಕೊಳ್ಳುತ್ತಿದ್ದೆ. ಬೂಟಿನ ಅಡಿಗೆ ಹತ್ತಿದ ಹಸಿ ಮಣ್ಣು ನೋಡಿ ಆಕೆ ಅದನ್ನೂ ಪತ್ತೆ ಹಚ್ಚಿದಳು. ಆಮೇಲಿಂದ ಮುಂಜಾನೆ ಚಾಳದ ಬಾಗಿಲಿಗೆ ಅಡ್ಡಲಾಗಿ ಕೂರತೊಡಗಿದಳು. ದಾಟಿ ಹೋಗಬೇಕೆಂದರೆ ಮುದುಕಿಯನ್ನು ತುಳಿದೇ ಹೋಗಬೇಕು. ಚಾಳದವರಿಗೆಲ್ಲ ಅದೊಂದು ತಮಾಷೆ. ನಾನು ಬೂಟಿನ ಚೀಲ ಹಿಡಿದು ನಿಂತಿದ್ದರೆ ಅವರು ಹಲ್ಲುಜ್ಜುತ್ತ ನಗುತ್ತಿದ್ದರು. ಅವ್ವ ಒಳಗಿನಿಂದ, "ಆಯಿ ಅಂದಂಗ ಕೇಳೋ" ಎನ್ನುತ್ತಿದ್ದಳು. ಆ ಚಾಳದಲ್ಲಿ ಆಯಿ ಹೇಳಿದ್ದಕ್ಕೆ ಎರಡನೆಯ ಮಾತಿರಲಿಲ್ಲ. ಎಲ್ಲರ ಕಾಲನ್ನೂ ತಿದ್ದಿದವಳಲ್ಲವೇ!

ಆರಿಸುವ ಓಟದ ಹಿಂದಿನ ಸಂಜೆ ಕಾಲೇಜಿನಿಂದ ಬಂದಾಗ ಚಾಳದ ತುಂಬ ಒಂದು ಹೊಲಸು ವಾಸನೆ. ಹಂಡೆಯ ಮೇಲೆ ಕಪ್ಪು ಹೊಗೆ ತೂಗುತ್ತಿತ್ತು. ನನ್ನ ಕಣ್ಣು ಮೊದಲು ಹೋದದ್ದು ನಮ್ಮ ಖೋಲಿಯ ಗೂಟಕ್ಕೆ. ಗೂಟ ಬರಿದಾಗಿತ್ತು. ಬಚ್ಚಲಿಗೆ ಓಡಿದೆ. ಒಲೆಯ ಬಾಯಲ್ಲಿ ಕಟ್ಟಿಗೆಯ ನಡುವೆ ಬೂಟಿನ ಅಡಿ ಕರಗಿ ಗುಳ್ಳೆ ಗುಳ್ಳೆಯಾಗಿ ಉರಿಯುತ್ತಿತ್ತು. ಲೇಸಿನ ತುದಿಯ ತಗಡು ಮಾತ್ರ ಕೆಂಪಗೆ ಕಾಣುತ್ತಿತ್ತು. ಆಯಿ ಪಕ್ಕದಲ್ಲಿ ಕೂತು ಕಟ್ಟಿಗೆ ಒಳಗೆ ಸರಿಸುತ್ತಿದ್ದಳು.

ಏನು ಒದರಿದೆನೋ ಎಲ್ಲ ನೆನಪಿಲ್ಲ. ಹುಟ್ಟಿದಾಗಿನಿಂದ ಆಕೆಗೆ ರೀ ಹಚ್ಚಿ ಮಾತಾಡಿದವನು ಅವತ್ತು ಬಿಟ್ಟುಬಿಟ್ಟೆ. "ನೀ ಯಾರ ನನ್ನ ಬೂಟ ಸುಡಾಕ? ನೀ ನನ್ನ ಹಡದಿಯೇನು?" ಎಂದೆ. ಚಾಳವೆಲ್ಲ ಹೊರಗೆ ಬಂತು.

"ಹಡದಿಲ್ಲ. ಎರದೇನಿ" ಎಂದಳು, ನನ್ನ ಕಡೆ ನೋಡದೆಯೇ. "ನಾ ತಿದ್ದಿದ ಕಾಲು ನೀ ಮುರ್ಕೊಂತಿ ಅಂದ್ರ ನಾ ನೋಡ್ಕೊಂತ ಕುಂಡ್ರಾಂಗಿಲ್ಲ."

ನನ್ನ ಅವ್ವ ಅಲ್ಲೇ ನಿಂತಿದ್ದಳು. ಆಯಿ ಗೂಟದಿಂದ ಬೂಟು ಇಳಿಸಿಕೊಂಡು ಹೋಗುವಾಗ ಅವ್ವ ಖೋಲಿಯೊಳಗೇ ಇದ್ದಳಲ್ಲ! ತಡೆಯಲಿಲ್ಲ. ಅಪ್ಪ ಬಂದವನು ವಿಷಯ ಕೇಳಿ, "ಒಳ್ಳೇದಕ್ಕ ಮಾಡ್ಯಾರ, ಇರಲಿ ಬಿಡು" ಎಂದು ಊಟಕ್ಕೆ ಕೂತ. ಒಳ್ಳೇದಕ್ಕ! ಈ ಒಂದು ಮಾತಿನ ಹೆಸರಿನಲ್ಲಿ ಮನುಷ್ಯರು ಇನ್ನೊಬ್ಬರ ಬಾಳಿನಲ್ಲಿ ಏನೇನು ಬೆಂಕಿಗೆ ಹಾಕುತ್ತಾರೋ. ಆ ರಾತ್ರಿ ನಾನು ಅನ್ನ ಮುಟ್ಟಲಿಲ್ಲ.

ಮಾರನೆಯ ಬೆಳಗ್ಗೆ ಬರಿಗಾಲಿನಲ್ಲಿ ಹೊರಟೆ. ಆಯಿ ಬಾಗಿಲಲ್ಲಿ ಕೂತಿರಲಿಲ್ಲ. ಇನ್ನು ಕಾವಲು ಏಕೆ, ಬೂಟೇ ಇಲ್ಲವಲ್ಲ ಎಂದು ನಿಶ್ಚಿಂತೆಯಿಂದ ಬಚ್ಚಲಲ್ಲಿ ಯಾರದೋ ಕೂಸಿಗೆ ಎರೆಯುತ್ತಿದ್ದಳು. ಕೂಸಿನ ಚೀರಾಟ ಕೇಳುತ್ತ ನಾನು ದಾಟಿ ಹೋದೆ.

ಧಾರವಾಡದ ಮೈದಾನದಿಂದ ಹೊರಟು ಹುಬ್ಬಳ್ಳಿಯ ದಾರಿಯಲ್ಲಿ ಅರ್ಧ ಬಂದು ತಿರುಗಿ ಹೋಗಬೇಕಿತ್ತು. ಮಾಸ್ತರರು ನನ್ನ ಬರಿಗಾಲು ನೋಡಿ ಏನೋ ಕೇಳಲು ಬಂದರು, ಅಷ್ಟರಲ್ಲಿ ಸೀಟಿ ಹೊಡೆದರು. ಸಿಟ್ಟು ನನ್ನನ್ನು ಸಾಕಷ್ಟು ದೂರ ಒಯ್ದಿತು. ಮೊದಲಿನವರಲ್ಲೇ ಇದ್ದೆ. ಹೊಸದಾಗಿ ಜಲ್ಲಿ ಹಾಕಿದ ರಸ್ತೆ. ಪ್ರತಿ ಹೆಜ್ಜೆಗೂ ಹಿಮ್ಮಡಿ ಒಳಗೊಳಗೇ ಹರಿಯುತ್ತಿರುವಂತೆ ಅನಿಸುತ್ತಿತ್ತು. ಸತ್ತೂರಿನ ಇಳಿಜಾರಿನಲ್ಲಿ ಕಲ್ಲೊಂದರ ಮೇಲೆ ಎಡಗಾಲು ಬಿತ್ತು. ಟಪ್ ಎಂಬ ಸದ್ದು ನನಗೇ ಕೇಳಿಸಿತು. ಆಮೇಲೆ ಆ ಕಾಲನ್ನು ಊರಲು ಆಗಲಿಲ್ಲ. ರಸ್ತೆ ಬದಿಯ ಹುಲ್ಲಿನ ಮೇಲೆ ಕೂತೆ. ನಾನು ಹಿಂದೆ ಹಾಕಿದವರೆಲ್ಲ ಒಬ್ಬೊಬ್ಬರಾಗಿ ನನ್ನನ್ನು ದಾಟಿ ಹೋದರು... ಅವರ ಬೂಟಿನ ಸದ್ದು ಇವತ್ತಿಗೂ ನನ್ನ ಕಿವಿಯಲ್ಲಿದೆ. ಮೇವು ತುಂಬಿದ ಗಾಡಿಯೊಂದು ನನ್ನನ್ನು ಧಾರವಾಡಕ್ಕೆ ತಲುಪಿಸಿತು. ಸಂಜೆ, ಸುದ್ದಿ ಕೇಳಿ ಬಂದ ಅಪ್ಪನ ಹೆಗಲಿಗೆ ಕೈಹಾಕಿ ಕುಂಟುತ್ತ ಚಾಳದೊಳಗೆ ಬಂದೆ.

ಆಯಿ ಒಲೆಯ ಮುಂದಿನಿಂದ ಎದ್ದು ನಿಂತಳು. ನನ್ನ ಮುಖ ನೋಡಲಿಲ್ಲ. ಬರಿಗಾಲನ್ನು ನೋಡಿದಳು. ಒಲೆಯಿಂದ ಹೊರಗೆ ಜಾರಿದ ಕೊಳ್ಳಿಯನ್ನು ಒಳಗೆ ಸರಿಸುವುದನ್ನೂ ಮರೆತಳು. ಆಕೆಯನ್ನು ನಾನು ಹಾಗೆ ಕಂಡದ್ದು ಅದೊಂದೇ ಸಲ.

ಹಿಮ್ಮಡಿಯ ಕೆಳಗಿನ ನರ ಹರಿದಿದೆ, ಮಂಚ ಬಿಟ್ಟು ಇಳಿಯಬೇಡ ಎಂದರು ಡಾಕ್ಟರು. ಆ ಚಳಿಗಾಲವೆಲ್ಲ ನಾನು ಗೋಡೆಗೆ ಮುಖ ಮಾಡಿ ಮಲಗಿದೆ. ಬೆಂಗಳೂರಿಗೆ ಹೋಗುವವರ ಹೆಸರುಗಳನ್ನು ಗೆಳೆಯನೊಬ್ಬ ಬಂದು ಹೇಳಿದ. ಕೇಳಿ, ಮತ್ತೆ ಗೋಡೆಯ ಕಡೆ ತಿರುಗಿದೆ. ಸಂಕ್ರಾಂತಿಯ ಎಳ್ಳು ಕೊಡಲು ಬಂದವರೆಲ್ಲ ಕಾಲು ನೋಡಿ ಲೊಚಗುಟ್ಟಿ ಹೋದರು.

ಆಯಿ ಮಾತ್ರ ಪ್ರತಿ ಸಂಜೆ ಬಂದಳು. ಕಾದ ಇಟ್ಟಿಗೆಯನ್ನು ಹರಕು ಗೋಣಿಯಲ್ಲಿ ಹಿಡಿದು, ಸೆರಗಿನ ತುದಿಯಲ್ಲಿ ಎಕ್ಕದ ಎಲೆ ಕಟ್ಟಿಕೊಂಡು. ನಾನು ಮಾತಾಡುತ್ತಿರಲಿಲ್ಲ. ಮಂಚದ ಪಕ್ಕ ನೆಲದ ಮೇಲೆ ಇಟ್ಟಿಗೆ ಇಟ್ಟು, ನನ್ನ ಕಾಲನ್ನು ಎಳೆದುಕೊಂಡು ಅದರ ಮೇಲಿಟ್ಟು ಹಿಡಿಯುತ್ತಿದ್ದಳು. ಮೊದಮೊದಲು ಝಾಡಿಸಿ ಕಾಲು ಕಿತ್ತುಕೊಂಡೆ. ಒಮ್ಮೆ ಇಟ್ಟಿಗೆ ಉರುಳಿ ಆಕೆಯ ಅಂಗಾಲಿಗೇ ತಾಗಿತು. ಆಕೆ ಅದನ್ನು ಎತ್ತಿಕೊಂಡು ಹೋಗಿ ಮತ್ತೆ ಕಾಯಿಸಿಕೊಂಡು ಬಂದಳು. ಮನುಷ್ಯನಿಗೆ ನೆಮ್ಮದಿಯಾಗಿ ದ್ವೇಷ ಮಾಡಲು ಕೂಡ ಬಿಡದವಳು.

ಎಷ್ಟೋ ದಿನಗಳ ಮೇಲೆ ತಡೆಯಲಾರದೆ ಕೇಳಿದೆ. "ಬೂಟು ಯಾಕ ಸುಟ್ಟಿ?"

"ಬೂಟಿಲ್ಲಂದ್ರ ನೀ ಹೋಗಾಂಗಿಲ್ಲ ಅಂತ ತಿಳ್ಕೊಂಡಿದ್ದೆ."

"ಹೋದೆನಲ್ಲ."

"ಹೂಂ, ಹ್ವಾದಿ." ಎಲೆ ತಿರುವಿ ಹಾಕಿದಳು. "ನನಗೇನ ಗೊತ್ತು? ದಿನಾ ಅದಕ್ಕ ಸುಣ್ಣಾ ಬಳೀತಿದ್ದಿ, ಒರಸ್ತಿದ್ದಿ, ದೇವರನ್ನ ಇಟ್ಟಂಗ ಗೂಟಕ್ಕ ಇಡ್ತಿದ್ದಿ. ಓಡೂದು ಬೂಟು ಅಂತ ತಿಳ್ಕೊಂಡೆ."

ಇದು ಆಕೆಯ ತಿಳುವಳಿಕೆ! ಹುಟ್ಟಿದಾರಭ್ಯ ಕಾಲಿಗೆ ಚಪ್ಪಲಿ ಕಾಣದವಳು. ಸೈಕಲ್ ಇಲ್ಲದಿದ್ದರೆ ಸೈಕಲ್ ಹೊಡೆಯಲು ಬರುವುದಿಲ್ಲವಲ್ಲ, ಇದೂ ಹಾಗೆಯೇ ಎಂದುಕೊಂಡಿದ್ದಳು. ಬೂಟು ಇದ್ದಿದ್ದರೆ ಆ ಜಲ್ಲಿಯ ಮೇಲೆ ನನ್ನ ಹಿಮ್ಮಡಿ ಉಳಿಯುತ್ತಿತ್ತೋ ಏನೋ. ನಾನು ಆರಿಸಿ ಬರುತ್ತಿದ್ದೆನೋ ಏನೋ. ಅಥವಾ ಬೂಟು ಇದ್ದರೂ ಹರಿಯುತ್ತಿತ್ತೋ... ಈ ಲೆಕ್ಕ ನನಗೆ ಇವತ್ತಿಗೂ ಬಗೆಹರಿದಿಲ್ಲ. ಬಗೆಹರಿಯದಂತೆ ಮಾಡಿದವಳು ಆಕೆ, ಅದಕ್ಕೇ ನನ್ನ ಸಿಟ್ಟು.

"ತಪ್ಪಾತು ಅನ್ನು" ಎಂದೆ.

"ಯಾಕನ್ಲಿ? ತಪ್ಪು ಮಾಡೇನಿ, ಖರೇ. ತಪ್ಪಾತು ಅಂದ್ರ ನಿನ್ನ ಕಾಲು ನೆಟ್ಟಗಾಗ್ತೈತೇನು? ಕಾಲ ಕೊಡು ಇಲ್ಲೆ."

ಇಂಥವಳ ಜೊತೆ ಹೇಗೆ ಜಗಳವಾಡುವುದು?

ಯುಗಾದಿ ಕಳೆದ ಮೇಲೆ ಒಂದು ಬೆಳಗ್ಗೆ ನೆಲಕ್ಕೆ ಕಾಲಿಟ್ಟೆ, ಮೊಳೆ ಇರಲಿಲ್ಲ. ನಂಬಿಕೆಯಾಗದೆ ಮತ್ತೆ ಕೂತು ಮತ್ತೆ ಎದ್ದೆ. ಖೋಲಿಯ ಹೊರಗೆ ಬಂದು ಮೆಟ್ಟಿಲು ಇಳಿದೆ. ಹಿಮ್ಮಡಿ ಊರಿ ಇಳಿದೆ. ಆಯಿ ಒಲೆಯ ಮುಂದೆ ಕೂತಿದ್ದಳು. ನಾನು ಕೊನೆಯ ಮೆಟ್ಟಿಲು ಇಳಿಯುವ ತನಕ ನನ್ನ ಕಾಲನ್ನೇ ನೋಡಿದಳು. "ಹಾಂ" ಎಂದಳು. ತಿರುಗಿ ಒಲೆ ಊದತೊಡಗಿದಳು. ನನಗೆ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಒಂದು ಓಟ, ಒಂದು ಬೆಂಗಳೂರು, ನನಗೆ ಸಿಗಬಹುದಾಗಿದ್ದ ಇನ್ನೊಂದು ಬಾಳು ಹೋಗಿತ್ತು. ಅದಕ್ಕೆಲ್ಲ ಆಕೆಯ ಉತ್ತರ ಒಂದು "ಹಾಂ".

ಮುಂದೆ ನಾನು ವರ್ಕ್‌ಶಾಪಿಗೆ ಹೋಗಲಿಲ್ಲ. ಹಟಕ್ಕೆ ಬಿದ್ದು ಡಿಗ್ರಿ ಮುಗಿಸಿದೆ, ಬೆಳಗಾವಿಯಲ್ಲಿ ಸರಕಾರಿ ಕಚೇರಿಯ ಕೆಲಸ ಸಿಕ್ಕಿತು. ಓಟ ಬಿಟ್ಟೆ. ಮತ್ತೆ ಬೂಟು ಕೊಳ್ಳಲಿಲ್ಲ. ರಜೆಗೆ ಬಂದಾಗ ಆಯಿಯ ಜೊತೆ ಹೂಂ, ಹಾಂ ಅಷ್ಟೇ ಮಾತು.

ಮದುವೆಯಾಗಿ, ಮಗ ಹುಟ್ಟಿದಾಗ ಹೆಂಡತಿಯ ಬಾಣಂತನ ನಮ್ಮ ಚಾಳದಲ್ಲೇ ಆಯಿತು. ಆಕೆಗೆ ತಾಯಿ ಇರಲಿಲ್ಲ. ಕೂಸಿಗೆ ಎರೆಯಲು ಆಯಿ ಬರುತ್ತಾಳೆಂದು ಅವ್ವ ಹೇಳಿದಾಗ ನಾನು ಬೇಡವೆಂದೆ. ನನ್ನ ಹೆಂಡತಿ ಒಂದೇ ಮಾತಿಗೆ ನನ್ನ ಬಾಯಿ ಮುಚ್ಚಿಸಿದಳು. "ಬ್ಯಾರೆ ಯಾರಿಗೆ ಬರ್ತೈತ್ರಿ? ನೀವು ಎರೀತೀರೇನು?"

ಆಯಿಗೆ ಆಗಲೇ ಬೆನ್ನು ಬಾಗಿತ್ತು. ಬಚ್ಚಲ ಕಲ್ಲಿನ ಮೇಲೆ ಕಾಲು ನೀಡಿ ಕೂರಲು ಬಹಳ ಹೊತ್ತು ಹಿಡಿಯಿತು. ನಾನು ಪೊಲೀಸನಂತೆ ಬಾಗಿಲಲ್ಲಿ ನಿಂತಿದ್ದೆ. ಆಕೆ ಕೂಸಿನ ಕಾಲು ಹಿಡಿದು ನೀವುತ್ತ ನೀವುತ್ತ, "ಇವನೂ ಅಪ್ಪನಂಗ ಓಡ್ತಾನೇನು?" ಎಂದಳು. ಅಲ್ಲಿದ್ದ ಹೆಂಗಸರು ನನ್ನ ಮುಖ ನೋಡಿದರು.

"ಓಡಿದ್ರ ಏನ ಮಾಡ್ತೀರಿ? ಇವನ ಬೂಟೂ ಸುಡ್ತೀರೇನು?" ಎಂದೆ.

"ಇಲ್ಲಪ. ಬೂಟ ಸುಟ್ರ ಉಪಯೋಗಿಲ್ಲ, ಅದು ನನಗ ಗೊತ್ತಾಗೇತಿ. ಇವನ ಕಾಲ ಕಟ್ಟಿ ಹಾಕ್ತೇನಿ" ಎಂದು ಕೂಸಿನ ಎರಡೂ ಹಿಮ್ಮಡಿ ಸೇರಿಸಿ ಮುತ್ತು ಕೊಟ್ಟಳು. ಹೆಂಗಸರೆಲ್ಲ ಹೋ ಎಂದು ನಕ್ಕರು. ನನ್ನ ಹೆಂಡತಿಯೂ ನಕ್ಕಳು. ನಾನು ನಗಲಿಲ್ಲ. ಹೊರಗೆ ಹೋಗಿ ಬೀಡಿ ಹಚ್ಚಿದೆ. ಸತ್ತ ಮೇಲಾದರೂ ಈ ಮುದುಕಿಯ ಬಾಯಿ ಮುಚ್ಚುತ್ತದೋ ಇಲ್ಲವೋ ಎಂದುಕೊಂಡೆ.

ಮುಚ್ಚಿತು. ಅದಾಗಿ ಬಹಳ ವರ್ಷ ಆಗಿರಲಿಲ್ಲ, ಅರವತ್ತರ ದಶಕ ಮುಗಿದಿರಲಿಲ್ಲ. ನಾನು ರಜೆಗೆ ಬಂದಿದ್ದೆ. ಮುಂಜಾನೆ ಎಲ್ಲರ ಸ್ನಾನ ಮುಗಿದ ಮೇಲೆ ಒಲೆಯ ಮುಂದೆ ಗೋಡೆಗೆ ಒರಗಿ, ಮೊಣಕಾಲು ಎದೆಗೆ ಸೇರಿಸಿ ಕೂತಿದ್ದವಳು ಹಾಗೆಯೇ ಹೋಗಿಬಿಟ್ಟಿದ್ದಳು. ಯಾರೋ ನೀರಿಗೆ ಬಂದು ಎರಡು ಸಲ ಕರೆದಾಗ ಗೊತ್ತಾಯಿತು.

ಎತ್ತಿ ತಂದು ಮಲಗಿಸಿದರೆ ಕಾಲು ಮಡಚಿಕೊಂಡೇ ಇದ್ದವು. ಆಕೆಗೆ ಆಕೆಯವರೆಂದು ಯಾರೂ ಇರಲಿಲ್ಲ. ಅವ್ವ ಬಟ್ಟಲಲ್ಲಿ ಎಣ್ಣೆ ಬಿಸಿ ಮಾಡಿ ತಂದು ನನ್ನ ಮುಂದೆ ಇಟ್ಟಳು. "ಬಿಗೀ ಆಗ್ತಾವು. ಲಗೂ ನೀವಿ ನೆಟ್ಟಗ ಮಾಡು" ಎಂದಳು.

"ನಾನ ಯಾಕ?"

"ಮತ್ತ ಯಾರು?"

ಕೂತೆ. ಆಕೆಯ ಕಾಲನ್ನು ಕೈಯಲ್ಲಿ ಹಿಡಿದದ್ದು ಅದೇ ಮೊದಲು. ಮೊಣಕಾಲಿನಿಂದ ಪಾದದ ತನಕ ಚರ್ಮ ಬೆಂದು ಬೆಂದು, ಸುಲಿದು, ಅಲ್ಲಲ್ಲಿ ಬೆಳ್ಳಗೆ, ಅಲ್ಲಲ್ಲಿ ಕಂದಾಗಿ ಕಾಗದದಂತಾಗಿತ್ತು. ಆ ಗಲ್ಲಿಗಳಲ್ಲಿ ಹುಟ್ಟಿದ ಕೂಸುಗಳ ಬಿಸಿನೀರೆಲ್ಲ ಮೊದಲು ಬಿದ್ದದ್ದು ಆ ಕಾಲಿನ ಮೇಲೆಯೇ. ನನ್ನದೂ, ನನ್ನ ಮಗನದೂ. ಹಿಮ್ಮಡಿಗಳು ಬೆರಳು ಹೋಗುವಷ್ಟು ಸೀಳಿದ್ದವು. ಎಡಗಾಲಿನ ಹಿಮ್ಮಡಿಯ ಕೆಳಗೆ ಗಟ್ಟಿಯಾದ ಒಂದು ಗಂಟು. ಒತ್ತಿ ನೋಡಿದೆ. ನನಗೆ ಮೊಳೆ ಚುಚ್ಚುತ್ತಿದ್ದ ಜಾಗವೇ ಅದು. ಮುದುಕಿ ಎಷ್ಟು ವರ್ಷ ಆ ಮೊಳೆಯ ಮೇಲೆ ನಿಂತಿದ್ದಳೋ... ನಾನು ಮೆಟ್ಟಿಲು ಇಳಿಯುವುದನ್ನು ಒಮ್ಮೆ ನೋಡಿಯೇ ಆಕೆಗೆ ಹೇಗೆ ಗೊತ್ತಾಯಿತೆಂದು ಅವತ್ತು ತಿಳಿಯಿತು.

ಆಗ ಬಂದ ಸಿಟ್ಟು ಬೂಟು ಸುಟ್ಟಾಗಲೂ ಬಂದಿರಲಿಲ್ಲ. ಹೇಳಬಾರದಿತ್ತೇ? ಪ್ರತಿ ಸಂಜೆ ಇಟ್ಟಿಗೆ ಕಾಯಿಸಿದಳಲ್ಲ, ಒಂದು ದಿನವಾದರೂ ತನ್ನ ಕಾಲನ್ನು ಅದರ ಮೇಲೆ ಇಟ್ಟುಕೊಂಡಳೇ? ಹಂಡೆಯ ಬಿಸಿನೀರಿಗೆ ಸಾಲುಗಟ್ಟಿ ನಿಲ್ಲುತ್ತಿದ್ದ ಇಷ್ಟು ಜನ ಇದ್ದರಲ್ಲ, ಒಬ್ಬರಾದರೂ ಆಯಿ, ಯಾಕ ಕುಂಟಾಕತ್ತೀರಿ ಎಂದು ಕೇಳಿದರೇ? ಎಲ್ಲರೂ ಈಗ ಸುತ್ತ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದರು. ಅವರೆಲ್ಲರನ್ನೂ ಅಲ್ಲಿಂದ ಓಡಿಸಬೇಕೆನಿಸಿತು. ಎಣ್ಣೆ ಹಚ್ಚಿ ನೀವಿದೆ. ಬಹಳ ಹೊತ್ತಿನ ಮೇಲೆ ಮೊಣಕಾಲು ಸಡಿಲಾಗಿ ಕಾಲು ನೆಟ್ಟಗಾದವು. ಅವ್ವ ಕೊಟ್ಟ ದಾರದಿಂದ ಎರಡೂ ಹೆಬ್ಬೆರಳು ಸೇರಿಸಿ ಕಟ್ಟಿದೆ.

ಇಷ್ಟೂ ನೆನಪಾದದ್ದು ಟಾಯರಿನ ಒಂದು ತುಂಡಿನಿಂದ.

ಕೆಲಸದವನು ಪಾಪ, ಟಾಯರನ್ನು ಕೋಲಿನಿಂದ ಎಳೆದು ಮಣ್ಣು ಮುಚ್ಚಿದ್ದ. "ಸಿಟ್ಟಾಗಬ್ಯಾಡ್ರಿ. ಚಾ ಕುಡೀರಿ" ಎಂದು ಕಪ್ಪು ಮುಂದೆ ಹಿಡಿದ. ಕಪ್ಪು ಹಿಡಿದುಕೊಂಡೇ ಮೂಲೆಗೆ ನಡೆದೆ. ಆಯಿಯ ಖೋಲಿ ಬಿದ್ದು ರಾಶಿಯಾಗಿತ್ತು. ಹಂಡೆ ಎಂದೋ ಹೋಗಿತ್ತು. ಬಚ್ಚಲ ಕಲ್ಲು ಮಾತ್ರ ಇನ್ನೂ ಇತ್ತು, ನಡುವೆ ಸವೆದು ತಗ್ಗಾಗಿ. ನಾಳೆ ಅದನ್ನೂ ಎಬ್ಬಿಸುತ್ತೇವೆ ಎಂದು ಕೆಲಸದವನು ಆಚೆಯಿಂದಲೇ ಕೂಗಿ ಹೇಳಿದ.

ನನ್ನ ಓರಗೆಯವರಲ್ಲಿ ಉಳಿದವರು ಕಡಿಮೆ. ಉಳಿದವರಿಗೆ ಮೊಣಕಾಲು, ಹಿಮ್ಮಡಿ, ಕೋಲು, ಬೆಲ್ಟು. ನಾನೊಬ್ಬ ಗೋಪನಕೊಪ್ಪದಿಂದ ಇಲ್ಲಿಯ ತನಕ ನಡೆದುಕೊಂಡು ಬರುತ್ತೇನೆ. ಎಲ್ಲರೂ ಹೊಗಳುತ್ತಾರೆ, ಏನು ಕಾಲು ರೀ ನಿಮ್ಮವು ಎಂದು. ಹೊಗಳಿದಾಗಲೆಲ್ಲ ನನಗೆ ಕೇಳುವುದು ಒಂದೇ ದನಿ, ಇವು ನಾ ತಿದ್ದಿದ ಕಾಲು. ಬೆಳಗ್ಗೆ ಎದ್ದು ಕಾಲೂರುವಾಗ ಒಂದು ದಿನ, ಒಂದೇ ದಿನ, ಆ ಹಳೆಯ ಮೊಳೆ ಚುಚ್ಚಲಿ ಎಂದು ಕಾದಿದ್ದೇನೆ. ನೋಡು, ನೀನು ಕೆಡಿಸಿದ ಕಾಲು ಇದು, ಇನ್ನೂ ನೆಟ್ಟಗಾಗಿಲ್ಲ ಎಂದು ಹೇಳಲು ನನಗೊಂದು ಆಧಾರ ಬೇಕಿತ್ತು.

ಚಪ್ಪಲಿ ಬಿಟ್ಟು ಆ ಕಲ್ಲಿನ ಮೇಲೆ ನಿಂತೆ. ಎಡಗಾಲಿನ ಹಿಮ್ಮಡಿಯನ್ನು ಆಕೆ ಕೂರುತ್ತಿದ್ದ ತಗ್ಗಿನಲ್ಲಿ ಊರಿ, ಮೈಭಾರವೆಲ್ಲ ಹಾಕಿ ಒತ್ತಿದೆ. ಇನ್ನೊಮ್ಮೆ, ಮತ್ತಷ್ಟು ಜೋರಾಗಿ ಒತ್ತಿದೆ. ನೋಯಲಿಲ್ಲ.

ಬೈಯಬೇಕೆಂದು ಬಾಯಿ ತೆರೆದೆ. ಎದುರಿಗೆ ಯಾರೂ ಇರಲಿಲ್ಲ.